ಟ್ಯಾಬಿನಲ್ಲಿ ಕೂತ ನನ್ನ ದನಿ

ಮಗಳು ಐರೋಲಿಯ ತನ್ನ ಮನೆಯಿಂದ ಆ ಟ್ಯಾಬ್ ತಂದ ದಿನ ನಾನು ಅವಳಿಗೆ ನೆಟ್ಟಗೆ ಒಂದು ಲೋಟ ಚಾ ಕೂಡ ಕೊಡಲಿಲ್ಲ. ಅವಳ ಅಪ್ಪ ಮಲಗಿದಲ್ಲೇ ಇದ್ದಾರೆ, ಬಲಗೈ ಏಳುವುದಿಲ್ಲ, ಬಾಯಿಂದ ಮಾತು ಹೊರಡುವುದಿಲ್ಲ. ಇವಳು ನೋಡಿದರೆ ಕರೀ ಗಾಜಿನ ಹಲಗೆಯೊಂದನ್ನು ಹಿಡಿದುಕೊಂಡು ಬಂದಿದ್ದಾಳೆ. ನನಗೆ ಬೇಕಾಗಿದ್ದದ್ದು ಅವಳು ನಾಲ್ಕು ದಿನ ರಜೆ ಹಾಕಿ ನನ್ನ ಪಕ್ಕ ಕೂರುವುದು. ಆದರೆ ಬೇಕಾದ್ದನ್ನು ಬಾಯಿಬಿಟ್ಟು ಕೇಳುವ ಅಭ್ಯಾಸ ನನಗಿಲ್ಲ. ಹಾಗಾಗಿ ಸಿಟ್ಟನ್ನೆಲ್ಲ ಆ ಹಲಗೆಯ ಮೇಲೆ ತೀರಿಸಿಕೊಂಡೆ.

"ಇದರಲ್ಲಿ ಎಂತ ಮಾಡುದು? ತರಕಾರಿ ಹೆಚ್ಚುದಾ?" ಎಂದೆ.

"ಅಮ್ಮಾ, ಪಪ್ಪನ ಮಾತಿನ ಥೆರಪಿಗೆ ಇದು ಬೇಕಾಗ್ತದೆ. ನಿನಗೂ ಯೂಸ್ ಆಗ್ತದೆ. ಏಕ್ ಬಾರ್ ಟ್ರೈ ತೋ ಕರೋ," ಎಂದಳು, ಒಮ್ಮೆ ಬಳಸಿ ನೋಡು ಎಂದು. ನಮ್ಮ ಮನೆಮಾತು ತುಳು. ಅವಳದ್ದು ತುಳುವಿನಲ್ಲಿ ಶುರುವಾಗಿ ಹಿಂದಿಯಲ್ಲಿ ಮುಗಿಯುವ ಮಾತು. ನಾನು ಅದನ್ನು ಫ್ರಿಜ್ಜಿನ ಮೇಲೆ ಎತ್ತಿಟ್ಟೆ. ಅವಳು ಮೆಲ್ಲಗೆ ಕೆಳಗಿಳಿಸಿ, ಚಾರ್ಜಿಗೆ ಹಾಕಿ, ಸಂಜೆಯ ಗಾಡಿ ಹಿಡಿಯಲು ಹೊರಟುಹೋದಳು.

ಮನೆಯವರ ವಿಷಯ ಹೇಳಬೇಕು. ಅವರು ಠಾಣೆ ಸ್ಟೇಷನ್ನಿನ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ಬಿಲ್ಲಿನ ದುಡ್ಡು ತೆಗೆದುಕೊಳ್ಳುತ್ತ ಗಲ್ಲೆಯ ಮೇಲೆ ಕೂರುತ್ತಿದ್ದರು. ಬೆಳಕು ಹರಿಯುವ ಮೊದಲೇ ಡೊಂಬಿವಲಿಯಿಂದ ಲೋಕಲ್ ಹಿಡಿದು ಹೋದರೆ ರಾತ್ರಿ ಊಟದ ಹೊತ್ತು ಮೀರಿದ ಮೇಲೆ ವಾಪಸ್ಸು. ಅಲ್ಲಿ ಅವರ ಬಾಯಿಗೆ ಬಿಡುವೆಂಬುದೇ ಇರಲಿಲ್ಲ. ಮದುವೆಯಾದ ಹೊಸತರಲ್ಲಿ ಒಮ್ಮೆ ಠಾಣೆಯ ಡಾಕ್ಟರರಲ್ಲಿಗೆ ಹೋಗಿದ್ದ ನಾನು ಬರುವಾಗ ಆ ಹೋಟೆಲಿನ ಫ್ಯಾಮಿಲಿ ರೂಮಿನಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದೆ. ಮರಾಠಿಯವರಿಗೆ ಮರಾಠಿ, ಗುಜರಾತಿಯವರಿಗೆ ಗುಜರಾತಿ. ಒಬ್ಬಳು ಟೀಚರಿಗೆ "ಜೇವಣ ಝಾಲ ಕಾ?" ಎಂದು ಊಟ ವಿಚಾರಿಸಿದರು. ಕೋಲೂರಿಕೊಂಡು ಬಂದ ಮುದುಕರೊಬ್ಬರಿಗೆ "ಕಾಕಾ, ಗುಡಘಾ ದುಖತೋಯ್ ಕಾ ಅಜೂನ್?" ಎಂದು ಮೊಣಕಾಲಿನ ನೋವು ವಿಚಾರಿಸಿದರು. ಇಡ್ಲಿ ತಿನ್ನುತ್ತಿದ್ದ ನನಗೆ ಹೊಟ್ಟೆ ಉರಿಯಿತು. ನನ್ನ ಯಾವ ನೋವನ್ನೂ ಅವರು ಹಾಗೆ ಕೇಳಿದ್ದಿಲ್ಲ.

ಕೆಟ್ಟವರೇನಲ್ಲ. ಕೈ ಎತ್ತಿದವರಲ್ಲ, ಕುಡಿದವರಲ್ಲ. ಹೋಟೆಲಿನಲ್ಲೇ ಮಾತೆಲ್ಲ ಖರ್ಚಾಗಿ ಮನೆಗೆ ಬರುವಾಗ ಚಿಲ್ಲರೆಯೂ ಉಳಿದಿರುತ್ತಿರಲಿಲ್ಲ, ಅಷ್ಟೆ. ನಾನು ಗೊಣಗಿದಾಗಲೆಲ್ಲ "ಗಲ್ಲೆ ಬಿಟ್ಟ ಮೇಲೆ ಕೂತು ಮಾತಾಡುವ" ಎನ್ನುತ್ತಿದ್ದರು. ನಾನೂ ದಡ್ಡಿ, ಅದನ್ನು ನಂಬಿಕೊಂಡು ಕಾದೆ. ಮಗಳ ಓದು, ಅವಳ ಮದುವೆ, ನಾದಿನಿಯರ ಬಾಣಂತನ, ಊರಿನಲ್ಲಿ ಅತ್ತೆಯ ಸಾವು, ಎಲ್ಲದರ ಮೇಲೆ ನನಗೆ ಅವರ ಹತ್ತಿರ ಮಾತಾಡುವುದು ಬಾಕಿ ಇತ್ತು. ಕೊನೆಗೆ ಹೋಟೆಲನ್ನು ಬೇರೆಯವರು ವಹಿಸಿಕೊಂಡಾಗ ಅವರು ಗಲ್ಲೆ ಬಿಟ್ಟರು. ಮೊದಲ ಕೆಲವು ವಾರ ಬರೀ ಮಲಗಿದರು. ಅಷ್ಟು ವರ್ಷಗಳ ಸುಸ್ತು ಇಳಿಯಲಿ ಎಂದು ನಾನು ಸುಮ್ಮನಿದ್ದೆ. ಒಂದು ಬೆಳಿಗ್ಗೆ ಬಚ್ಚಲಿನಲ್ಲಿ ಚೊಂಬು ಬಿದ್ದ ಸದ್ದಾಯಿತು, ಹಿಂದೆಯೇ ಅವರು ಬಿದ್ದ ಸದ್ದೂ.

ಆಸ್ಪತ್ರೆಯಿಂದ ಮನೆಗೆ ಬಂದಾಗ ಅವರ ಬಾಯಲ್ಲಿ ಉಳಿದದ್ದು ಒಂದೇ ಒಂದು ಶಬ್ದ. ಆಂಡ್. ತುಳುವಿನಲ್ಲಿ ಅದಕ್ಕೆ 'ಆಯಿತು' ಎಂದು ಅರ್ಥ. ಚಾ ಬೇಕಾ ಅಂದರೆ ಆಂಡ್. ಚಳಿಯಾಗುತ್ತದಾ ಅಂದರೆ ಆಂಡ್. ನೋಡಲು ಬಂದವರು ಅತ್ತರೆ ಅವರಿಗೂ ಆಂಡ್. ಐದು ಭಾಷೆ ಆಡಿದ ಮನುಷ್ಯನಲ್ಲಿ ದೇವರು ಇದೊಂದನ್ನು ಯಾಕೆ ಬಿಟ್ಟ ಎಂದು ನನಗೆ ಅರ್ಥವಾಗಲಿಲ್ಲ. ನಾವಿನ್ನೂ ಮಾತಾಡಲು ಶುರುವೇ ಮಾಡಿರಲಿಲ್ಲ.

ಹೀಗಿರುವಾಗ ಬಂದದ್ದು ಆ ಟ್ಯಾಬು. ಸಿಟ್ಟು ಎಷ್ಟು ದಿನ ಇರುತ್ತದೆ, ಮನೆಯೊಳಗೆ ಬಂದ ಸಾಮಾನಿಗೆ ಹೆಂಗಸರು ಏನಾದರೂ ಕೆಲಸ ಹುಡುಕಿಯೇ ಹುಡುಕುತ್ತಾರೆ. ಮೊದಲು ಅದು ಭೂತಗನ್ನಡಿಯಾಯಿತು. ಮಾತ್ರೆಯ ಹಾಳೆಯ ಮೇಲೆ ಇರುವೆಯಷ್ಟು ಸಣ್ಣಗೆ ಬರೆದಿರುತ್ತಾರಲ್ಲ, ಅದರ ಫೋಟೋ ತೆಗೆದು ಎರಡು ಬೆರಳಲ್ಲಿ ಹಿಗ್ಗಿಸಿ ಓದಿದೆ. ಆಮೇಲೆ ಮಾತ್ರೆಯ ಹೊತ್ತಿಗೆ ಕೂಗುವ ಅಲಾರ್ಮು. ಕರೆಂಟು ಹೋದಾಗ ಟಾರ್ಚು. ಕನ್ನಡ ಪೇಪರನ್ನು ದಪ್ಪಕ್ಷರ ಮಾಡಿಕೊಂಡು ಓದುವುದು ಕಲಿತೆ. ನಮ್ಮ ಬಿಲ್ಡಿಂಗು ಇರುವುದು ಎಂಐಡಿಸಿಯ ಕೈಗಾರಿಕಾ ಪ್ರದೇಶಕ್ಕೆ ತಾಗಿಕೊಂಡು. ಸಂಜೆ ಕಾರ್ಖಾನೆಯ ಕಡೆಯಿಂದ ಕೊಳೆತ ಮೊಟ್ಟೆಯ ನಾತ ಬಂತೆಂದರೆ ಸೊಸೈಟಿಯ ಗ್ರೂಪಿನಲ್ಲಿ "ವಾಸ ಯೇತೋಯ್ ಕಾ?", ವಾಸನೆ ಬರುತ್ತಿದೆಯಾ ಎಂದು ಎಲ್ಲರೂ ಎಲ್ಲರನ್ನೂ ಕೇಳತೊಡಗುತ್ತಾರೆ. ಅದನ್ನು ದೊಡ್ಡ ಸ್ಕ್ರೀನಿನಲ್ಲಿ ಓದಿ ಎದ್ದು ಕಿಟಕಿ ಮುಚ್ಚುತ್ತಿದ್ದೆ. ಮೂಗಿಗೆ ಬಂದ ವಾಸನೆಯನ್ನು ಓದಿ ತಿಳಿಯುವ ಕಾಲ ಬಂತಲ್ಲ ಎಂದು ನಗು ಬರುತ್ತಿತ್ತು.

ಅದರಿಂದ ನಿಜವಾಗಿ ಉಪಕಾರವಾದದ್ದು ಇನ್ನೊಂದು ರೀತಿಯಲ್ಲಿ. ಹಾಲಿನಲ್ಲಿ ಅವರ ಮಂಚದ ಪಕ್ಕ ಸ್ಟೂಲಿನ ಮೇಲೆ ಟ್ಯಾಬನ್ನು ಒರಗಿಸಿಟ್ಟು, ಅಡುಗೆಮನೆಯಲ್ಲಿ ಸಾಂಬಾರಪುಡಿಯ ಡಬ್ಬಿಗೆ ನನ್ನ ಮೊಬೈಲನ್ನು ಒರಗಿಸಿ, ಅಲ್ಲಿಂದಿಲ್ಲಿಗೆ ವಿಡಿಯೋ ಕಾಲ್ ಹಾಕಿಡುವುದು. ಈ ಉಪಾಯ ಮಗಳು ಹೇಳಿದ್ದಲ್ಲ, ನನ್ನದೇ. ಒಗ್ಗರಣೆ ಹಾಕುತ್ತ ಅವರನ್ನು ನೋಡುತ್ತಿದ್ದೆ. ಅವರು ಮಂಚದಿಂದ ಜಾರುತ್ತಿದ್ದಾರಾ, ಬಾಯಿ ಒಣಗಿದೆಯಾ, ನೊಣ ಕೂತಿದೆಯಾ. ಮದುವೆಯಾದಂದಿನಿಂದ ಅಷ್ಟು ಹೊತ್ತು ಅವರ ಮುಖವನ್ನು ನೋಡಿದ್ದೇ ಇಲ್ಲ. ಅವರು ಫ್ಯಾನನ್ನೇ ನೋಡುತ್ತ ಮಲಗಿರುತ್ತಿದ್ದರು. ಒಮ್ಮೊಮ್ಮೆ ಕಣ್ಣಿನ ಕೊನೆಯಿಂದ ನೀರಿಳಿಯುತ್ತಿತ್ತು. ಆಗ ನಾನು ಮೊಬೈಲನ್ನು ಬೋರಲು ಹಾಕಿ ಕೆಲಸ ಮುಂದುವರಿಸುತ್ತಿದ್ದೆ. ಎದುರು ಹೋಗಿ ನಿಂತು ಏನು ಹೇಳಬೇಕೆಂದು ತಿಳಿಯುತ್ತಿರಲಿಲ್ಲ.

ಮಾತಿನ ಥೆರಪಿಗೆ ಪಕ್ಕದ ಕಲ್ಯಾಣ ಪಟ್ಟಣದ ಕ್ಲಿನಿಕ್ಕಿಗೆ ಹೋಗಬೇಕಿತ್ತು. ರಿಕ್ಷಾದಲ್ಲಿ ಅವರನ್ನು ಕೂರಿಸಿ, ಬಲಗಾಲು ಹೊರಗೆ ಜಾರದಂತೆ ನನ್ನ ಕಾಲನ್ನು ಅಡ್ಡ ಇಟ್ಟು ಹೋಗುತ್ತಿದ್ದೆವು. ಥೆರಪಿಸ್ಟ್ ನನ್ನ ಮಗಳಿಗಿಂತ ಚಿಕ್ಕವಳು, ಮರಾಠಿ ಹುಡುಗಿ, ಒಳ್ಳೆಯವಳು. ಟ್ಯಾಬಿನಲ್ಲಿ ಅವಳೊಂದು ಆಪ್ ಹಾಕಿಕೊಟ್ಟಳು. ಸ್ಕ್ರೀನಿನ ತುಂಬ ಚೌಕಗಳು, ಚೌಕದೊಳಗೆ ಚಿತ್ರಗಳು. ಲೋಟದ ಚಿತ್ರ ಒತ್ತಿದರೆ ಟ್ಯಾಬು ಅವರ ಪರವಾಗಿ ನೀರು ಕೇಳಬೇಕು.

"ಕಾಕೂ, ಘರ್ ಮೇ ಕೌನ್ ಸೀ ಭಾಷಾ ಬೋಲ್ತೇ ಹೋ?" ಎಂದು ಕೇಳಿದಳು.

"ತುಳು," ಎಂದೆ.

ಹುಡುಕಿದಳು. ತುಳು ಅದರಲ್ಲಿ ಇರಲಿಲ್ಲ. ಕನ್ನಡ ಇತ್ತು. ಲೋಟ ಒತ್ತಿದಾಗ ಯಾರೋ ಹೆಂಗಸು ವಾರ್ತೆ ಓದುವ ದನಿಯಲ್ಲಿ "ನನಗೆ ಬಾಯಾರಿಕೆಯಾಗಿದೆ, ದಯವಿಟ್ಟು ನೀರು ಕೊಡಿ" ಎಂದಳು. ಅವರು ನನ್ನ ಮುಖ ನೋಡಿದರು. ಮುಖದ ಎಡಭಾಗ ಮಾತ್ರ ನಕ್ಕಿತು. ನನಗೂ ನಗು ತಡೆಯಲಿಲ್ಲ. ನಮ್ಮ ಮನೆಯಲ್ಲಿ ದಯವಿಟ್ಟು ಎಂಬ ಶಬ್ದ ಅದುವರೆಗೆ ಕಾಲಿಟ್ಟಿರಲಿಲ್ಲ. ಕಾಯಿಲೆ ಬಿದ್ದ ಮೇಲೆ ನಾವಿಬ್ಬರೂ ಒಟ್ಟಿಗೆ ನಕ್ಕದ್ದು ಅದೊಂದು ಸಲ.

ಬೇರೆ ದಾರಿಯೂ ಇದೆಯೆಂದು ಹುಡುಗಿ ತೋರಿಸಿದಳು. ಚೌಕವನ್ನು ಒತ್ತಿ ಹಿಡಿದು ನಮ್ಮದೇ ದನಿ ತುಂಬಿಸಬಹುದು. "ಅಂಕಲ್ ಜೈಸಾ ಬೋಲ್ತೇ ಥೇ, ವೈಸಾ ಹೀ ಬೋಲೋ," ಎಂದಳು. ಅವರು ಹೇಳುತ್ತಿದ್ದ ಹಾಗೆಯೇ ಹೇಳಬೇಕಂತೆ. ಮನೆಮಾತು ದಿನವೂ ಕಿವಿಗೆ ಬೀಳುತ್ತಿದ್ದರೆ ಮಾತು ಮರಳಬಹುದು, ಮೊದಲ ಕೆಲವು ತಿಂಗಳೇ ಮುಖ್ಯ ಎಂದೂ ಹೇಳಿದಳು. ವಾಪಸ್ಸು ಬರುವಾಗ ರಿಕ್ಷಾದಲ್ಲಿ ನನಗೆ ಹುಮ್ಮಸ್ಸು ಉಕ್ಕುತ್ತಿತ್ತು. ಮಾತು ಬರಲಿ, ಹತ್ತು ಶಬ್ದ ಬರಲಿ ಸಾಕು, ಅಷ್ಟು ವರ್ಷದ ಬಾಕಿಯನ್ನು ಅದರಲ್ಲೇ ತೀರಿಸಿಕೊಳ್ಳುತ್ತೇನೆ ಎಂದುಕೊಂಡೆ.

ಮಾರನೆಯ ಮಧ್ಯಾಹ್ನ ಅವರು ನಿದ್ದೆ ಹೋದ ಮೇಲೆ ಅಡುಗೆಮನೆಯಲ್ಲಿ ಟ್ಯಾಬು ಹಿಡಿದು ಕೂತೆ. ಲೋಟದ ಚೌಕ ಒತ್ತಿ ಹಿಡಿದೆ. ಬಾಯಿ ತೆರೆದೆ. ಮಾತು ಬರಲಿಲ್ಲ.

ಅವರು ನೀರು ಹೇಗೆ ಕೇಳುತ್ತಿದ್ದರು? ನೆನಪು ಮಾಡಿಕೊಂಡೆ. ಅವರು ಎಂದೂ ನೀರು ಕೇಳಿದ್ದೇ ಇಲ್ಲ. ಬಂದು ಕೂರುತ್ತಿದ್ದರು, ನಾನು "ನೀರ್ ಬೋಡಾ?" ಎನ್ನುತ್ತಿದ್ದೆ, ನೀರು ಬೇಕಾ ಎಂದು. ಅವರು ಕೈ ಚಾಚುತ್ತಿದ್ದರು. ಹಸಿವಾಯಿತು ಎಂದವರಲ್ಲ. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ನಾನು "ಒಣಸ್ ಆಂಡಾ?" ಎಂದು ಊಟವಾಯಿತೇ ಎಂದು ಕೇಳಿ ತಟ್ಟೆ ಇಡುತ್ತಿದ್ದೆ. ತಲೆ ಹಿಡಿದುಕೊಂಡು ಕೂತರೆ "ಬೇನೆ ಉಂಡಾ?" ಎಂದು ನೋವಿದೆಯೇ ಎಂದು ಕೇಳುವವಳೂ ನಾನೇ. ನನ್ನನ್ನು ಕೂಗಿ ಕರೆದದ್ದೂ ಇಲ್ಲ. ನಮ್ಮಲ್ಲಿ ಗಂಡ ಹೆಂಡತಿ ಹೆಸರು ಹಿಡಿಯುವುದಿಲ್ಲ. ಕರೆಯಬೇಕಾದರೆ ಅವರು ಸಣ್ಣಗೆ ಕೆಮ್ಮುತ್ತಿದ್ದರು, ನಾನು ಬರುತ್ತಿದ್ದೆ. ಇಷ್ಟು ವರ್ಷ ನಾವು ಮಾತಾಡಿಕೊಂಡಿದ್ದೇವೆ ಎಂದು ನಾನು ತಿಳಿದದ್ದರಲ್ಲಿ ಮಾತೆಲ್ಲ ನನ್ನದೇ ಆಗಿತ್ತು. ಅವರ ಕಡೆಯಿಂದ ತುಂಬಿಸಲು ಒಂದು ವಾಕ್ಯವೂ ಸಿಗಲಿಲ್ಲ.

ಕೊನೆಗೆ ನನಗೆ ಗೊತ್ತಿದ್ದದ್ದನ್ನೇ ತುಂಬಿಸಿದೆ. ಲೋಟಕ್ಕೆ ನೀರ್ ಬೋಡಾ. ಕಪ್ಪಿನ ಚಿತ್ರಕ್ಕೆ ಚಾ ಬೋಡಾ. ತಟ್ಟೆಗೆ ಒಣಸ್ ಆಂಡಾ. ಆ ಹೊತ್ತಿಗೆ ಸರಿಯಾಗಿ ಕುಕ್ಕರು ಸೀಟಿ ಹೊಡೆದು ಅದೂ ಒಳಗೆ ಸೇರಿಕೊಂಡಿತು. ತಲೆಗೆ ಬಟ್ಟೆ ಕಟ್ಟಿಕೊಂಡ ಮನುಷ್ಯನ ಚಿತ್ರಕ್ಕೆ ಬೇನೆ ಉಂಡಾ. ನನಗೆ ಆಗ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಮುಂದಿನ ಸಲ ಕಲ್ಯಾಣದಲ್ಲಿ ಹುಡುಗಿ ಎಲ್ಲವನ್ನೂ ಒತ್ತಿ ಕೇಳಿ, ಅರ್ಥವೇನೆಂದು ಕೇಳಿದಳು. ನಾನು ಹೇಳಿದೆ. ಅವಳು ಹಣೆ ಒತ್ತಿಕೊಂಡಳು.

"ಯೇ ತೋ ಆಪ್ ಪೂಛ್ ರಹೀ ಹೋ ಕಾಕೂ. ಬೋಲ್ನಾ ತೋ ಅಂಕಲ್ ಕೋ ಹೈ ನಾ."

ಮಾತಾಡಬೇಕಾದವರು ಅವರು, ಕೇಳುತ್ತಿರುವವಳು ನಾನು. ಅವಳು ಹೇಳಿದ್ದು ಸರಿ. ಬದಲಾಯಿಸುತ್ತೇನೆ ಎಂದು ಒಪ್ಪಿಕೊಂಡು ಬಂದೆ. ಬದಲಾಯಿಸಲಿಲ್ಲ. ಅಷ್ಟರಲ್ಲಿ ಅವರಿಗೆ ರೂಢಿಯಾಗಿಬಿಟ್ಟಿತ್ತು. ಬಾಯಾರಿದಾಗ ಎಡಗೈಯ ತೋರುಬೆರಳಿನಿಂದ ಲೋಟ ಒತ್ತುತ್ತಿದ್ದರು. ಹಾಲಿನಿಂದ ನನ್ನದೇ ದನಿ "ನೀರ್ ಬೋಡಾ?" ಎನ್ನುತ್ತಿತ್ತು. ನಾನು ಅಡುಗೆಮನೆಯಿಂದ "ತರ್ತೇನೆ" ಎನ್ನುತ್ತಿದ್ದೆ. ಪಕ್ಕದ ಮನೆಯಾಕೆ ಒಂದು ದಿನ ಬಾಗಿಲಿಗೆ ಬಂದು, ಊರಿನಿಂದ ನಿಮ್ಮ ತಂಗಿ ಬಂದಿದ್ದಾರಾ, ದಿನವಿಡೀ ಇಬ್ಬರು ಹೆಂಗಸರ ಮಾತು ಕೇಳುತ್ತದಲ್ಲ ಎಂದು ವಿಚಾರಿಸಿದಳು. ಹೌದು ಬಂದಿದ್ದಾಳೆ, ಬಹಳ ವಾಚಾಳಿ ಎಂದೆ. ಅವಳು ಹೋದ ಮೇಲೆ ಅಳು ಬಂತು. ಮನೆಯಲ್ಲಿ ಇಬ್ಬರಿದ್ದೂ ಕೇಳುವ ದನಿ ನನ್ನದೊಂದೇ.

ದಿನವೂ ಬೆಳಿಗ್ಗೆ ಟ್ಯಾಬಿನ ಕ್ಯಾಮೆರಾವನ್ನು ಕನ್ನಡಿಯಂತೆ ಹಿಡಿದು ಅವರಿಗೆ ಅವರ ಬಾಯಿ ತೋರಿಸಿ ಅಭ್ಯಾಸ ಮಾಡಿಸುತ್ತಿದ್ದೆ. ತುಟಿ ಅಗಲಿಸಿ, ತುಟಿ ಕೂಡಿಸಿ, ಅಮ್ಮ ಅನ್ನಿ, ಪಪ್ಪ ಅನ್ನಿ. ಬೆವರಿಳಿಯುವಷ್ಟು ಪ್ರಯತ್ನಪಟ್ಟು ಅವರು ಆಂಡ್ ಎನ್ನುತ್ತಿದ್ದರು. ನನಗೆ ತಾಳ್ಮೆ ಕಡಿಮೆ. ಒಂದು ದಿನ "ಗಲ್ಲೆ ಮೇಲೆ ಕೂತು ಊರಿನವರ ಮೊಣಕಾಲೆಲ್ಲ ಕೇಳ್ತಿದ್ರಿ, ಈಗ ಒಂದು ಅಮ್ಮ ಬರೂದಿಲ್ವಾ?" ಎಂದುಬಿಟ್ಟೆ. ಅವರು ಕಣ್ಣು ಮುಚ್ಚಿಕೊಂಡರು. ಆ ದಿನ ಅಭ್ಯಾಸ ಅಲ್ಲಿಗೇ ನಿಂತಿತು.

ಮಳೆಗಾಲ ಶುರುವಾಗುವ ಮೊದಲು ಕಲ್ಯಾಣದ ಆ ಹುಡುಗಿ ನನ್ನನ್ನೊಬ್ಬಳನ್ನೇ ಪಕ್ಕದ ಕೋಣೆಗೆ ಕರೆದಳು. ಬಹಳ ಮೆತ್ತಗೆ ಹೇಳಿದಳು. "ಕಾಕೂ, ಜಿತ್ನಾ ಆನಾ ಥಾ ಉತ್ನಾ ಆ ಗಯಾ." ಬರಬೇಕಾದಷ್ಟು ಬಂದಾಯಿತು. ಇನ್ನು ಮೇಲೆ ವಾರಕ್ಕೊಮ್ಮೆ ಇಷ್ಟು ದೂರ ಬರುವ ಕಷ್ಟ ಬೇಡ, ಟ್ಯಾಬು ಬಳಸುತ್ತಿರಲಿ, ಅದೇ ದೊಡ್ಡದು ಎಂದಳು. ಬಂದದ್ದು ಏನು ಎಂದು ನಾನು ಕೇಳಲಿಲ್ಲ. ವಾಪಸ್ಸು ಬರುವಾಗ ರಿಕ್ಷಾ ಪತ್ರಿಪುಲ್ ಸೇತುವೆಯ ಮೇಲೆ ಟ್ರಾಫಿಕ್ಕಿನಲ್ಲಿ ನಿಂತಿತು. ಅವರು ನನ್ನ ಕಡೆ ತಿರುಗಿ, ಏನಾಯಿತು ಎಂಬಂತೆ ಹುಬ್ಬೆತ್ತಿದರು. "ಎಂತ ಇಲ್ಲ, ಒಳ್ಳೆ ಇಂಪ್ರೂವ್‌ಮೆಂಟ್ ಉಂಟಂತೆ" ಎಂದೆ. ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿ ಆಂಡ್ ಎಂದರು.

ಅದಾದ ಮೇಲೆ ಟ್ಯಾಬಿನ ಮೇಲಿನ ನನ್ನ ಉತ್ಸಾಹ ಇಳಿದುಹೋಯಿತು. ಬಾಯಿಯ ಅಭ್ಯಾಸ ಬಿಟ್ಟೆ. ವಿಡಿಯೋ ಕಾಲ್ ಹಾಕುವುದನ್ನೂ ಬಿಟ್ಟೆ. ಆ ಮುಖವನ್ನು ನೋಡುತ್ತ ಅಡುಗೆ ಮಾಡಲು ನನ್ನಿಂದಾಗುತ್ತಿರಲಿಲ್ಲ. ಟ್ಯಾಬು ಅವರ ಮಂಚದ ಪಕ್ಕದಲ್ಲೇ ಬಿದ್ದಿರುತ್ತಿತ್ತು. ನೀರಿಗೆ, ಚಾಕ್ಕೆ, ಊಟಕ್ಕೆ ಅವರು ಒತ್ತುತ್ತಿದ್ದರು, ನಾನು ತಂದುಕೊಡುತ್ತಿದ್ದೆ. ಮಾತಾಡುವ ಆಸೆಯನ್ನು ನಾನು ಬಿಟ್ಟೆನೆಂದೇ ಹೇಳಬೇಕು. ಮಗಳು ಫೋನಿನಲ್ಲಿ ಕೇಳಿದರೆ "ಬಹಳ ಯೂಸ್ ಆಗ್ತದೆ" ಎನ್ನುತ್ತಿದ್ದೆ.

ಆ ಮಳೆಗಾಲದಲ್ಲಿ ಒಂದು ದಿನ ಬೆಳಿಗ್ಗೆಯಿಂದಲೇ ನನಗೆ ಮೈ ಕಾಯುತ್ತಿತ್ತು. ಗಂಟುಗಂಟೂ ನೋವು. ಹೇಗೋ ಗಂಜಿ ಮಾಡಿ ಅವರಿಗೆ ಕುಡಿಸಿದೆ. ಹೊರಗೆ ಮಳೆ ಎಡೆಬಿಡದೆ ಹೊಯ್ಯುತ್ತಿತ್ತು, ಹಳಿಯ ಮೇಲೆ ನೀರು ನಿಂತು ಗಾಡಿಗಳೆಲ್ಲ ಬಂದ್. ಮಧ್ಯಾಹ್ನ ಮಗಳು ಫೋನು ಮಾಡಿದಳು.

"ಅಮ್ಮಾ, ನಿನ್ನ ದನಿ ಯಾಕೆ ಹೀಗುಂಟು? ಹುಷಾರಿಲ್ವಾ? ನಾನು ಬರ್ಬೇಕಂದ್ರೆ ಠಾಣೆಯವರೆಗೂ ಟ್ರೇನ್ ಇಲ್ಲ."

"ನನಗೆ ಎಂತ ಆಗುದುಂಟು? ಸ್ವಲ್ಪ ಶೀತ. ನೀ ಮನೆಯಲ್ಲೇ ಇರು," ಎಂದು ಫೋನು ಇಟ್ಟೆ.

ಇಟ್ಟವಳಿಗೆ ಅಡುಗೆಮನೆಗೆ ಹೋಗಲೂ ತ್ರಾಣವಿರಲಿಲ್ಲ. ಅವರ ಮಂಚದ ಬುಡದಲ್ಲೇ ಚಾಪೆ ಹಾಸಿ, ಹಳೆಯ ಸೀರೆ ಹೊದ್ದು ಮಲಗಿದೆ. ನನಗೆ ಏನಾದರೂ ಆದರೆ ಇವರಿಗೆ ಯಾರು ಎಂಬ ಯೋಚನೆ ಬಂತು. ಅದರ ಹಿಂದೆಯೇ, ಇವರಿದ್ದೂ ನನಗೆ ಯಾರು ಎಂಬುದೂ ಬಂತು. ಮುಸುಕಿನೊಳಗೆ ಅಳುತ್ತಿದ್ದೆ. ಸದ್ದಾಗಿರಬೇಕು.

"ನೀರ್ ಬೋಡಾ?" ಎಂದಿತು ನನ್ನ ದನಿ.

ಈಗಲೇ ಬಾಯಾರಬೇಕಾ ಎಂದು ರೇಗಿತು. ಗೋಡೆ ಹಿಡಿದು ಎದ್ದೆ. ಸ್ಟೂಲಿನ ಮೇಲಿದ್ದ ಸ್ಟೀಲು ಲೋಟ ಎತ್ತಿ ಅವರ ತುಟಿಗೆ ಹಿಡಿದೆ. ಅವರು ಬಾಯಿ ತೆರೆಯಲಿಲ್ಲ. ಎಡಗೈಯಿಂದ ಲೋಟವನ್ನು ನನ್ನ ಕಡೆಗೆ ತಳ್ಳಿದರು. ಅರ್ಧ ನೀರು ನನ್ನ ಸೀರೆಯ ಮೇಲೆ ಚೆಲ್ಲಿತು. "ಬೇಡದಿದ್ರೆ ಯಾಕೆ ಒತ್ತುದು?" ಎಂದೆ. ಅವರು ಮತ್ತೆ ಲೋಟದ ಚಿತ್ರವನ್ನೇ ಒತ್ತಿದರು, ಮತ್ತೆ ಲೋಟವನ್ನು ನನ್ನ ಕಡೆಗೇ ತಳ್ಳಿದರು. ಜ್ವರದ ತಲೆಗೆ ಅರ್ಥವಾಗಲು ಹೊತ್ತು ಹಿಡಿಯಿತು. ಉಳಿದ ನೀರನ್ನು ನಾನು ಕುಡಿದೆ.

ಅವರ ಬೆರಳು ತಟ್ಟೆಯ ಚಿತ್ರಕ್ಕೆ ಹೋಯಿತು. "ಒಣಸ್ ಆಂಡಾ?" ಹಿಂದೆಯೇ ಕುಕ್ಕರಿನ ಸೀಟಿ. ನನ್ನ ಊಟವಾಗಿರಲಿಲ್ಲ. ಇಲ್ಲವೆಂದು ತಲೆಯಾಡಿಸಿದೆ. ಅವರು ತಮ್ಮ ಗಂಜಿಯ ಬಟ್ಟಲಿನ ಕಡೆ ನೋಡಿದರು. ಅದು ಖಾಲಿ ಇತ್ತು. ಅವರ ಮುಖ ಸಣ್ಣದಾಯಿತು. ನಾನು ಮಂಚದ ಅಂಚಿನಲ್ಲಿ ಕೂತೆ.

ಇಡೀ ಜೀವಮಾನ ನಾನು ಕೇಳಲು ಕಾದ ಪ್ರಶ್ನೆಗಳು ಇವೇ. ಕೊನೆಗೂ ಅವರು ಕೇಳುತ್ತಿದ್ದಾರೆ, ಆದರೆ ದನಿ ನನ್ನದು. ನನ್ನ ಅಡುಗೆಮನೆಯಲ್ಲಿ ಕೂತು ನಾನೇ ತುಂಬಿಸಿಟ್ಟ ದನಿ. ಅವರ ದನಿ ಹೇಗಿತ್ತೆಂದು ನೆನಪು ಮಾಡಿಕೊಳ್ಳಲು ನೋಡಿದೆ. ಗಲ್ಲೆಯ ಮೇಲಿಂದ ಯಾರದೋ ಮೊಣಕಾಲು ವಿಚಾರಿಸಿದ ಮರಾಠಿಯ ಆ ಒಂದು ಮಾತು ಬಿಟ್ಟರೆ ಬೇರೇನೂ ಕಿವಿಗೆ ಬರಲಿಲ್ಲ. ದುಃಖವಾಯಿತು, ಸಿಟ್ಟೂ ಬಂತು. ಅದರ ಜೊತೆಗೇ ಒಂದು ಸಮಾಧಾನವೂ ಆಯಿತು ಎಂದು ಬರೆಯದಿದ್ದರೆ ಸುಳ್ಳಾಗುತ್ತದೆ.

ಅವರು ತಲೆಗೆ ಬಟ್ಟೆ ಕಟ್ಟಿಕೊಂಡ ಮನುಷ್ಯನ ಚಿತ್ರ ಹುಡುಕಿದರು. ಒಂದು ಸಲ ಬೆರಳು ಜಾರಿ ಚಾ ಬೋಡಾ ಎಂದಿತು. ಅಲ್ಲ ಎಂಬಂತೆ ಕೈ ಬೀಸಿ, ಪುನಃ ಬೆರಳೂರಿದರು.

"ಬೇನೆ ಉಂಡಾ?"

ಯಾರು ಕೇಳಿದರೂ ಇಲ್ಲವೆಂದೇ ಹೇಳಿ ನನಗೆ ಅಭ್ಯಾಸ. ಮಧ್ಯಾಹ್ನ ಮಗಳಿಗೂ ಅದನ್ನೇ ಹೇಳಿದ್ದೆ. ಅವರು ಟ್ಯಾಬಿನಿಂದ ಕೈ ತೆಗೆದು ನನ್ನ ಮೊಣಕಾಲಿನ ಮೇಲಿಟ್ಟು ಕಾದರು.

"ಉಂಡು," ಎಂದೆ. ಇದೆ, ನೋವಿದೆ. "ಮಸ್ತ್ ಉಂಡು." ತುಂಬ ಇದೆ.

ಅವರ ತುಟಿ ಅಲುಗಾಡಿತು. ನಾನು ಕಲಿಸಿದಂತೆಯೇ ಅಗಲವಾಯಿತು, ಕೂಡಿತು. ಕುತ್ತಿಗೆಯ ನರ ಉಬ್ಬಿತು. ನಾನು ಅವರ ಬಾಯನ್ನೇ ನೋಡುತ್ತಿದ್ದೆ, ಬೇರೆ ಒಂದೇ ಒಂದು ಶಬ್ದ ಬರಲಿ ಎಂದು.

"ಆಂಡ್," ಎಂದರು.